ಸಹಾಯ ಬೇಕು: ಜುಕಿನಿ ಕೊಟ್ಟಿಗೆಯ (ಬಾಳೆಲೆ ಕಡುಬಿನ) ಹದ ಗೊತ್ತಿದ್ದವರು ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಸೌತೆಕಾಯಿ ಕೊಟ್ಟಿಗೆಯ ಹಾಗೆಯೇ ಜುಕಿನಿಯಲ್ಲಿ (ಸೌತೆಯಂತೆ ಕಾಣುವ ತರಕಾರಿ) ಮಾಡಲು ಸರಿಯಾದ ಅಳತೆ ಬೇಕಿತ್ತು. 4 ಗಂಟೆ ನೆನೆಸಿದ ಬೆಳ್ತಿಗೆ (ಬಿಳಿ) ಅಕ್ಕಿ 2 ಲೋಟ, ತುರಿದ ಜುಕಿನಿ 2 ಲೋಟ, ಕಾಯಿತುರಿ ಅರ್ಧ ಲೋಟ, ಉಪ್ಪು. ಒಂದು ಹನಿ ನೀರು ಹಾಕದೆ ತರಿತರಿಯಾಗಿ ರುಬ್ಬಿದರೂ ಹಿಟ್ಟು ನೀರ್ ದೋಸೆಯಷ್ಟು ತೆಳ್ಳಗಾಗುತ್ತದೆ. ಬಾಳೆಲೆಯಲ್ಲಿ ಮಡಚಿ 40 ನಿಮಿಷ ಹಬೆಯಲ್ಲಿ ಬೇಯಿಸಿದ ಮೇಲೂ ನಡುಭಾಗ ಎಲೆಗೇ ಅಂಟಿಕೊಂಡು ಬರುತ್ತದೆ. ಜುಕಿನಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಉಪ್ಪು ತಾಗಿದ ಕೂಡಲೇ ಬಿಡುತ್ತದೆ. ಪೂರ್ತಿ ಹಿಂಡಿದರೆ ಕೊಟ್ಟಿಗೆ ಗಟ್ಟಿ, ರುಚಿಯೂ ಹೋಯ್ತು. ಅರ್ಧ ಹಿಂಡಬೇಕಾ, ಅಥವಾ ರುಬ್ಬದೆ ಅಕ್ಕಿ ತರಿಗೆ ಬೆರೆಸಬೇಕಾ? ತರಿ ಎಷ್ಟು?

ಪಲ್ಯಕ್ಕೆ ತೊಂದರೆ ಇಲ್ಲ: ಸಿಪ್ಪೆ ತೆಗೆಯದೆ ದೊಡ್ಡ ಹೋಳು, ಅಗಲ ಬಾಣಲೆ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ದೊಡ್ಡ ಉರಿಯಲ್ಲಿ 5 ನಿಮಿಷ. ಮುಚ್ಚಳ ಬೇಡ, ಮುಚ್ಚಿದರೆ ಮುದ್ದೆ. ಉಪ್ಪು, ಕಾಯಿತುರಿ ಇಳಿಸುವ ಮೊದಲು. ಪೋಡಿಗೆ (ಬಜ್ಜಿಗೆ) ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ. ಕಡ್ಲೆಹಿಟ್ಟು 1 ಲೋಟಕ್ಕೆ ಅಕ್ಕಿಹಿಟ್ಟು 2 ಚಮಚ ಸೇರಿದರೆ ಗರಿಗರಿ. ಬಿಲ್ಲೆಗೆ ಮೊದಲೇ ಉಪ್ಪು ಸವರಬೇಡಿ, ಹಿಟ್ಟು ಜಾರುತ್ತದೆ.

ಒಂದು ಮಾತು ಮರೆಯಬಾರದು: ಹೆಚ್ಚಿದ ಕೂಡಲೇ ಚೂರು ಹಸಿ ತುಂಡು ನಾಲಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಬೇಯಿಸಿದರೂ ಆ ಕಹಿ ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ.

ಕೊಟ್ಟಿಗೆ ಸರಿಯಾಗಿ ಬಂದವರು ದಯವಿಟ್ಟು ಲೋಟದ ಲೆಕ್ಕದಲ್ಲೇ ಬರೆಯಿರಿ.