ಟ್ಯೂಬ್‌ಲೈಟ್ ರೇಡಾರ್ ಆಂಟೆನಾ ಆಗುತ್ತಾ?

ಮಲ್ಪೆಹುಡುಗ:
ಉಡುಪಿಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೇ ವರ್ಷ ಓದುತ್ತಿದ್ದೇನೆ. ಸೆಮಿನಾರಿಗೆ ಪ್ಲಾಸ್ಮಾ ಆಂಟೆನಾ ತಗೊಂಡಿದ್ದೇನೆ. ಲೋಹದ ಬದಲು ಟ್ಯೂಬ್‌ಲೈಟಿನ ಹಾಗೆ ಗ್ಯಾಸ್ ತುಂಬಿದ ಗಾಜಿನ ಕೊಳವೆ. ಕರೆಂಟ್ ಕೊಟ್ಟಾಗ ಒಳಗಿನ ಗ್ಯಾಸ್ ಪ್ಲಾಸ್ಮಾ ಆಗುತ್ತದೆ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳಿಂದಾಗಿ ವಿದ್ಯುತ್ ಹರಿಯುವ ಗ್ಯಾಸ್. ಅದು ಶತ್ರು ರೇಡಾರಿಗೆ ಕಾಣುವುದಿಲ್ಲ, ಸುಳ್ಳು ಸಿಗ್ನಲ್ಲಿಗೂ ಮೋಸ ಹೋಗುವುದಿಲ್ಲ ಅಂತಾರೆ. ನಿಜಾನಾ?

ಕಡಲತಡಿ:
ಅರ್ಧ ನಿಜ ಮಾರಾಯ್ರೆ. ನಾನು 22 ವರ್ಷ ಹಡಗಿನಲ್ಲಿ ರೇಡಿಯೊ ಆಫೀಸರ್ ಆಗಿದ್ದೆ, ಈಗ ಸುರತ್ಕಲ್‌ನಲ್ಲಿದ್ದೇನೆ. ಯೋಚನೆ ಹಳೆಯದು. 1919ರಲ್ಲೇ ಹೆಟ್ಟಿಂಗರ್ ಎನ್ನುವವರು ಇದಕ್ಕೆ ಪೇಟೆಂಟ್ ಪಡೆದಿದ್ದರು.

ನಾವು ನಡುಕಡಲಿನಿಂದ ಶಾರ್ಟ್‌ವೇವ್‌ನಲ್ಲಿ ಊರಿಗೆ ಮಾತಾಡುತ್ತಿದ್ದದ್ದು ಪ್ಲಾಸ್ಮಾದ ದಯೆಯಿಂದಲೇ. ಮೇಲಿನ ಆಕಾಶದ ಪ್ಲಾಸ್ಮಾ ಪದರದಲ್ಲಿ, ಅಂದರೆ ಅಯಾನುಗೋಳದಲ್ಲಿ, ಘನ ಮೀಟರಿಗೆ ಸುಮಾರು 1 ಲಕ್ಷ ಕೋಟಿ ಎಲೆಕ್ಟ್ರಾನ್ ಇದೆ ಅಂದುಕೊಳ್ಳಿ. ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ 90 ಲಕ್ಷ ಹರ್ಟ್ಸ್, ಅಂದರೆ 9 ಮೆಗಾಹರ್ಟ್ಸ್. ನೆಟ್ಟಗೆ ಮೇಲಕ್ಕೆ ಬಿಟ್ಟ ಅಲೆಯ ಫ್ರೀಕ್ವೆನ್ಸಿ ಅದಕ್ಕಿಂತ ಕಡಿಮೆಯಿದ್ದರೆ ವಾಪಸ್ ಬರುತ್ತದೆ, ಜಾಸ್ತಿಯಿದ್ದರೆ ದಾಟಿ ಹೋಗುತ್ತದೆ. ನಿಮ್ಮ ಮಲ್ಪೆ ಬೋಟುಗಳ ಮೇಲೆ ತಿರುಗುವ ಎಕ್ಸ್ ಬ್ಯಾಂಡ್ ರೇಡಾರ್ 9.4 ಗಿಗಾಹರ್ಟ್ಸ್. ಅದಕ್ಕೆ ಲೋಹದ ಹಾಗೆ ವರ್ತಿಸಬೇಕಾದರೆ ಕೊಳವೆಯಲ್ಲಿ ಎಲೆಕ್ಟ್ರಾನ್ 10 ಲಕ್ಷ ಪಟ್ಟಿಗೂ ಜಾಸ್ತಿ ಬೇಕು.

ಕರೆಂಟ್ ತೆಗೆದ ಕೂಡಲೇ ಅದು ಬರೀ ಗಾಜು. ರೇಡಾರ್ ಅಲೆ ಹೆಚ್ಚುಕಮ್ಮಿ ದಾಟಿ ಹೋಗುತ್ತದೆ. ತುದಿಯ ಪಿನ್ನು, ವಯರು ಮಾತ್ರ ಲೋಹವೇ, ಅವು ಅಲ್ಲೇ ಇರುತ್ತವೆ.

ಬಂದರುರಿಪೇರಿ:
ಉರಿಯುವಾಗ ಸಿಗ್ನಲ್ ಹೊರಗೆ ಹೋಗುತ್ತದಲ್ವಾ? ಯಾರು ಬೇಕಾದರೂ ಕೇಳಬಹುದು.

ಕಡಲತಡಿ:
ಹೌದು, ಸರಿಯಾಗಿ ಹೇಳಿದಿರಿ. ಅಡಗುವುದು ಆಫ್ ಇದ್ದಾಗ ಮಾತ್ರ.

ಮೋಸದ ವಿಷಯಕ್ಕೆ ಬರೋಣ. ಒಮ್ಮೆ ನವಮಂಗಳೂರು ಬಂದರಿನ ಹೊರಗೆ ಲಂಗರು ಹಾಕಿದ್ದೆವು. ಹತ್ತಿರದಲ್ಲೇ ದೊಡ್ಡ ಟ್ಯಾಂಕರ್. ನಮ್ಮ ಪರದೆಯಲ್ಲಿ ಅದು ಒಂದು ಚುಕ್ಕೆಯಾಗಿರಲಿಲ್ಲ, ಎರಡೂ ಬದಿಗೆ ಕಮಾನಿನ ಹಾಗೆ ಹರಡಿತ್ತು. ಅದು ಸೈಡ್‌ಲೋಬ್. ಆಂಟೆನಾ ಪಕ್ಕಕ್ಕೂ ಸ್ವಲ್ಪ ನೋಡುತ್ತದೆ, ಸುಳ್ಳು ಪ್ರತಿಧ್ವನಿ ನುಗ್ಗಿಸುವವರಿಗೆ ಅದೇ ಹಿಂಬಾಗಿಲು. ಆಂಟೆನಾದ ಸುತ್ತ ಪ್ಲಾಸ್ಮಾ ಕೊಳವೆಗಳನ್ನು ಬೇಲಿಯ ಹಾಗೆ ನಿಲ್ಲಿಸಿ, ಬೇಕಾದ ದಿಕ್ಕಿನದ್ದು ಮಾತ್ರ ಆಫ್ ಮಾಡಿದರೆ ಅಲ್ಲಿ ಕಿಟಕಿ ತೆರೆಯುತ್ತದೆ. ಉಳಿದ ಕಡೆ ಗೋಡೆ.

ಆದರೆ ಕಿಟಕಿಯ ದಿಕ್ಕಿನಿಂದಲೇ ನಮ್ಮ ರೇಡಾರ್ ಬಿಡುವ ಪಲ್ಸ್ (ಚಿಕ್ಕ ಸಿಗ್ನಲ್) ನಕಲು ಮಾಡಿ ಕಳಿಸಿದರೆ ಕೊಳವೆ ಏನೂ ಮಾಡಲಾರದು. ಆಗ ಪ್ರತಿ ಸಲ ಬೇರೆ ಬೇರೆ ಗದ್ದಲದಂಥ ಸಿಗ್ನಲ್ ಕಳಿಸಿ, ಕಳಿಸಿದ್ದಕ್ಕೆ ಹೋಲಿಸಿ ನೋಡಬೇಕು. ಹಳೇ ನಕಲು ತಾಳೆಯಾಗುವುದಿಲ್ಲ. ಸೆಮಿನಾರಿನಲ್ಲಿ ಕೊಳವೆಯ ಕೆಲಸ, ಸಿಗ್ನಲ್ಲಿನ ಕೆಲಸ ಇವೆರಡನ್ನೂ ದಯವಿಟ್ಟು ಬೇರೆ ಮಾಡಿ ಹೇಳಿ.

ಮಲ್ಪೆಹುಡುಗ:
ತುಂಬಾ ಥ್ಯಾಂಕ್ಸ್ ಸರ್. ಮನೆಯ ಹಳೇ ಟ್ಯೂಬ್ ತಗೊಂಡು ಹೋಗಿ ತೋರಿಸುತ್ತೇನೆ.

ಕಡಲತಡಿ:
ಬಟ್ಟೆ ಸುತ್ತಿ ಒಯ್ಯಿರಿ. ಒಡೆಯಬಾರದು, ಒಳಗೆ ಪಾದರಸ ಇರುತ್ತದೆ.