ಜನವಾಡದ ಇಳಿಜಾರಿಗೆ ಬೆರಳು ಜೋಮು ಹಿಡೀಲತಾವ, ಎರಡು ಜೋಡಿ ಗ್ಲೌಸ್ ಆದ್ವು, ಪರಿಹಾರ ಹೇಳ್ರಿ

ಮಾಂಜ್ರಾ_ಪೆಡಲ್:
ಮುಂಜಾನಿ 5:45ಕ್ಕ ಸೈಕಲ್ ಮ್ಯಾಲ ಬೀದರ ಬಿಟ್ಟು, ಜನವಾಡ ದಾಟಿ ಮಾಂಜ್ರಾ ಸೇತುವೆ ತನಕ ಹೋಗಿ ಬರೋದು. ಸೇತುವೆ ಬರೂದ್ರೊಳಗ ಬೆರಳು ಜೋಮು. ಗೇರ್ ಬದಲಿ ಮಾಡಲಕ್ಕೂ ಆಗವಲ್ದು. ಮೊದಲ ಉಣ್ಣೆ ಗ್ಲೌಸ್ ತಗೊಂಡೆ, ಆಮ್ಯಾಲ ದಪ್ಪ ಜೆಲ್ ಪ್ಯಾಡಿಂದು. ದಪ್ಪಂದು ಹಾಕಿದ ಮ್ಯಾಲ ಇನ್ನೂ ಜಾಸ್ತಿ ಆಗ್ಯದ! ಕಾಲ್ಬೆರಳೂ ಕಲ್ಲು ಆಗ್ತಾವ. ಬ್ಯಾರೆ ಎಲ್ಲಾ ಸರಿ ಅದ, ಯಾವ ಗ್ಲೌಸ್ ಅಂತ ಒಂದು ಹೆಸರು ಹೇಳ್ರಿ ಸಾಕು.

ಕೋಟೆ_ಗಾಲಿ:
ಉಣ್ಣೆ ಗಾಳಿ ತಡಿಯಂಗಿಲ್ರಿ, ತಪ್ಪು ಅಲ್ಲೇ ಅದ. 8 ಡಿಗ್ರಿ ಇದ್ದಾಗ 25 ಕಿ.ಮೀ. ವೇಗದ ಗಾಳಿ ಬಡಿದ್ರ ಮೈಗೆ 4 ಡಿಗ್ರಿ ಅನ್ನಸ್ತದ, ಇಳಿಜಾರಿಗೆ 40 ಮುಟ್ಟಿದ್ರ 3. ಒಳಗ ತೆಳು ಉಣ್ಣೆ, ಹೊರಗ ಗಾಳಿ ತಡಿಯೋ ಸಡಿಲ ಗ್ಲೌಸ್, ಹಿಂಗ ಎರಡು ಪದರ ಹಾಕ್ರಿ. ತೋಳು ಮತ್ತ ಗ್ಲೌಸ್ ನಡುವ ಮಣಿಕಟ್ಟು ಕಾಣಬಾರದು. ರಕ್ತನಾಳ ಅಲ್ಲಿ ಚರ್ಮದ ಕೆಳಗೇ ಇರ್ತಾವ, ಬೆರಳಿಗೆ ಹೋಗೋ ರಕ್ತ ಅಲ್ಲೇ ತಣ್ಣಗಾಗ್ತದ. ರೊಕ್ಕ ಹಾಕೋದು ಬ್ಯಾಡ ಅಂದ್ರ ಉಣ್ಣೆ ಮ್ಯಾಲ ಭಾಂಡಿ ತೊಳಿಯೋ ರಬ್ಬರ್ ಗ್ಲೌಸ್, ಒಂದು ನಂಬರ್ ದೊಡ್ಡದು.

ಮಾಂಜ್ರಾ_ಪೆಡಲ್:
ರಬ್ಬರ್ ಹಾಕಿ ನೋಡೀನಿ ಅಣ್ಣಾ. ಅರ್ಧ ತಾಸಿಗೆ ಒಳಗೆಲ್ಲ ಬೆವರು. ಜೋಮು ಹಂಗೇ ಅದ.

ಕೋಟೆ_ಗಾಲಿ:
ಹಂಗಾದ್ರ ಸೈಜ್ ಸಣ್ಣದದ. ಗ್ಲೌಸ್ ಹಾಕಿ ಮುಷ್ಟಿ ಕಟ್ರಿ, ಬೆರಳ ಸಂದಿ ಎಳದ್ರ ರಕ್ತ ಓಡಂಗಿಲ್ಲ. ಬೆರಳ ತುದಿಗೆ ಅರ್ಧ ಸೆಂಟಿಮೀಟರ್ ಖಾಲಿ ಇರಬೇಕು. ಇಲ್ಲಂದ್ರ ಕಿರುಬೆರಳು, ಉಂಗುರಬೆರಳು ಒಂದೇ ಚೀಲದಾಗ ಇರೋ ಗ್ಲೌಸ್ ತಗೋರಿ.

ಭೀಮಾ_ದಂಡಿ:
ಗ್ಲೌಸ್ ಬಿಟ್ಟು ಮುಂದ ಹೋಗ್ರಿ ಮಾರಾಯ್ರಾ. ಎದಿ ಮ್ಯಾಲ ಏನದ? ಎದಿ, ಹೊಟ್ಟಿ ತಣ್ಣಗಾದ್ರ ಮೈ ಮೊದಲ ಕೈಕಾಲಿನ ರಕ್ತ ಕಡಿಮಿ ಮಾಡ್ತದ.

ಮಾಂಜ್ರಾ_ಪೆಡಲ್:
ಹತ್ತಿ ಬನಿಯನ್, ಮ್ಯಾಲ ಸ್ವೆಟರ್.

ಭೀಮಾ_ದಂಡಿ:
ಹತ್ತಿ ಬನಿಯನ್ ಇವತ್ತೇ ತೆಗೀರಿ. ಏರಿಗೆ ಬೆವರು ಕುಡಿದು, ಇಳಿಜಾರಿಗೆ ಹಸಿ ಅರಿವಿ ಆಗ್ತದ. ಮೈಗೆ ಅಂಟಂಗ ತೆಳು ಪಾಲಿಯೆಸ್ಟರ್, ಮ್ಯಾಲ ತೋಳಿಲ್ಲದ ವಿಂಡ್ ಜಾಕೆಟ್. ಜಾಕೆಟ್ ಇಲ್ಲಂದ್ರ ಇಳಿಜಾರಿನ ತುದಿಗೆ ನಿಂತು ದಿನಪತ್ರಿಕೆ ನಾಲ್ಕು ಮಡಿಕಿ ಮಾಡಿ ಜೆರ್ಸಿ ಒಳಗ ಎದಿಗೆ ಇಟ್ಕೋರಿ, ವಾಪಸ್ ಏರಿಗೆ ತೆಗೀರಿ. ಹೊಂಟ ಮೊದಲ 10 ನಿಮಿಷ ಸಣ್ಣಗ ಥಂಡಿ ಅನ್ನಸಬೇಕು. ಮನಿ ಮುಂದೇ ಬೆಚ್ಚಗಿದ್ರ ಅರಿವಿ ಜಾಸ್ತಿ ಆಗ್ಯದ ಅಂತ ಅರ್ಥ.

ಕೋಟೆ_ಗಾಲಿ:
ಸ್ವೆಟರ್ ತೆಗಿ ಅನ್ನಬ್ಯಾಡ್ರಿ. ಉಣ್ಣೆ ಹಸಿ ಆದ್ರೂ ಬೆಚ್ಚಗಿರ್ತದ, ಕುರುಬರ ಕಂಬಳಿ ನೋಡ್ರಿ.

ಭೀಮಾ_ದಂಡಿ:
ಕಂಬಳಿ ಹೊಚ್ಚಿಕೊಂಡು ಕೂಡೋರಿಗೆ ಗಾಳಿ ಎದುರು ಬರಂಗಿಲ್ಲ. ಸ್ವೆಟರ್ ಹೆಣಿಗಿ ಸಡಿಲ, 25ರಾಗ ಗಾಳಿ ಪಾರಾಗಿ ಹೋಗ್ತದ. ಉಣ್ಣೆ ಇರಲಿ, ಅದರ ಮ್ಯಾಲ ಗಾಳಿ ತಡಿಯೋದು ಬೇಕೇ ಬೇಕು. ನಾ ಹೇಳಿದ್ದೂ ಅದೇ.

ಗುಮ್ಮಟ_32:
ಟೈರ್ ಪ್ರೆಶರ್ ಎಷ್ಟದ? ನಂದು 32 ಎಂಎಂ ಅಗಲದ ಟ್ಯೂಬ್‌ಲೆಸ್, ಮುಂದ 52 ಹಿಂದ 56, ಕಾರ್ಬನ್ ಫೋರ್ಕ್, ಹೈಡ್ರಾಲಿಕ್ ಡಿಸ್ಕ್. ಒಂದೇ ಬೆರಳಿಗೆ ಬ್ರೇಕ್ ಹಿಡೀತದ, ಜೋಮು ಅನ್ನೋ ಮಾತೇ ಇಲ್ಲ.

ಮಾಂಜ್ರಾ_ಪೆಡಲ್:
28 ಎಂಎಂ, 100 ಪಿಎಸ್‌ಐ. ಥಂಡ್ಯಾಗ ಗಾಳಿ ಇಳೀತದಂತ, ಅದಕ್ಕ ಜಾಸ್ತಿ ಹಾಕೀನಿ.

ಗುಮ್ಮಟ_32:
25 ಡಿಗ್ರಿ ಇರೋ ಖೋಲ್ಯಾಗ 80 ತುಂಬಿಸಿದ್ದು 9 ಡಿಗ್ರಿಗೆ 75 ಆಗ್ತದ, ಅಷ್ಟೇ. ಅದಕ್ಕ 100 ಯಾಕ? ನಿಮ್ಮ ತೂಕ 65 ಆಸುಪಾಸು ಇದ್ರ 28ಕ್ಕ 70–75 ಸಾಕು. 100 ಇದ್ರ ರಸ್ತೆಯ ಒಂದೊಂದು ಹರಳೂ ಅಂಗೈಗೆ ಬಡೀತದ. ನಂದು ಟ್ಯೂಬ್‌ಲೆಸ್ ಮಾಡಿದಾಗ ಸೀಲಂಟ್ (ಟೈರಿನ ತೂತು ಮುಚ್ಚೋ ದ್ರವ) 45 ಎಂಎಲ್ ಹಾಕೀನಿ, ಅದರ ಫೋಟೋ ಬೇಕಾದ್ರ ಹಾಕ್ತೀನಿ.

ತೊಗರಿ_ಕಣಜ:
ಫೋಟೋ ಆಮ್ಯಾಲ. ಮೂಲ ಪ್ರಶ್ನೆ ಯಾರೂ ಕೇಳಿಲ್ಲ. ಯಾವ ಬೆರಳು? ಬಣ್ಣ ಬಿಳಿ ಆಗ್ತದೋ ಇಲ್ಲೋ? ಹೆಬ್ಬೆರಳು ಹ್ಯಾಂಗದ? ಮಧ್ಯಾಹ್ನ ಬಿಸಿಲಿನಾಗ ಹೊಡದ್ರೂ ಆಗ್ತದೇನು? ಸೀಟಿಗೆ ಇತ್ತೀಚೆಗೆ ಕೈ ಹಚ್ಚೀರೇನು?

ಮಾಂಜ್ರಾ_ಪೆಡಲ್:
ಎರಡೂ ಕೈಯಾಗ ಕಿರುಬೆರಳು, ಉಂಗುರಬೆರಳು. ಬಣ್ಣ ಹಂಗೇ ಇರ್ತದ. ಹೆಬ್ಬೆರಳು ತಣ್ಣಗ ಇರ್ತದ, ಆದ್ರ ಜೋಮಿಲ್ಲ. ಮಧ್ಯಾಹ್ನ ಸ್ವಲ್ಪ ಆಗ್ತದ. ಸೀಟಿನ ಮೂಗು ಡಿಸೆಂಬರದಾಗ ಕೆಳಗ ಮಾಡೀನಿ, ಅದಕ್ಕೂ ಇದಕ್ಕೂ ಏನು ಸಂಬಂಧ?

ತೊಗರಿ_ಕಣಜ:
ಸಂಬಂಧ ಪೂರಾ ಅಲ್ಲೇ ಅದ. ಕಿರುಬೆರಳಿಗೆ, ಉಂಗುರಬೆರಳಿನ ಅರ್ಧಕ್ಕ ಸ್ಪರ್ಶ ಕೊಡೋದು ಅಲ್ನರ್ ನರ. ಅದು ಅಂಗೈ ಬುಡದಾಗ, ಕಿರುಬೆರಳಿನ ಕಡೆ ಹಾಯ್ದು ಹೋಗ್ತದ. ಸೀಟಿನ ಮೂಗು ಕೆಳಗಾದ್ರ ಮೈ ಮುಂದ ಜಾರ್ತದ, ಆ ಭಾರ ಪೂರ್ತಿ ಅಂಗೈ ಬುಡಕ್ಕ ಬೀಳ್ತದ, ನರ ಒತ್ತಿ ಹೋಗ್ತದ. ದಪ್ಪ ಜೆಲ್ ಗ್ಲೌಸ್ ಹಾಕಿದ್ರ ಹಿಡಿ ದಪ್ಪ ಆಗ್ತದ, ನೀವು ಇನ್ನೂ ಬಿಗಿ ಹಿಡೀತೀರಿ. ಅದಕ್ಕೇ ಜಾಸ್ತಿ ಆಗಿದ್ದು.

ಮಾಡೋದು ಹಿಂಗ. ಸೈಕಲ್ ಸಪಾಟ ನೆಲದ ಮ್ಯಾಲ ನಿಲ್ಲಿಸ್ರಿ. ಸೀಟಿನ ಉದ್ದಕ್ಕ ಒಂದು ಪುಸ್ತಕ ಇಟ್ಟು ಅದರ ಮ್ಯಾಲ ಗೌಂಡಿಗಳ ರಸಮಟ್ಟ ಇಡ್ರಿ. ಗುಳ್ಳಿ ನಡುವ ಬರೂ ತನಕ ಮೂಗು ಎತ್ರಿ. ಎತ್ತೋ ಮೊದಲ ಹಳೇ ಜಾಗಕ್ಕ ಟೇಪ್ ಹಚ್ಚಿ ಗುರುತು ಮಾಡ್ರಿ. ಎರಡು ದಿನ ಹೊಡೀರಿ. ಇನ್ನೂ ಕೈ ಮ್ಯಾಲ ಜಾರ್ತೀರಿ ಅನಿಸಿದ್ರ ಇನ್ನೊಂದು ಡಿಗ್ರಿ ಎತ್ರಿ, ಒಮ್ಮೆಗೇ ಜಾಸ್ತಿ ಬ್ಯಾಡ. ಆಮ್ಯಾಲ ಹ್ಯಾಂಡಲ್: ಸ್ಟೆಮ್ಮಿನ (ಹ್ಯಾಂಡಲ್ ಹಿಡಿದಿರೋ ತುಂಡು) ನಾಲ್ಕು ಬೋಲ್ಟ್ ಸಡಿಲ ಮಾಡಿ, ಮಣಿಕಟ್ಟು ಹೊರಗ ಬಾಗದೆ ಮೊಣಕೈಗೆ ನೇರ ನಿಲ್ಲೂ ಹಂಗ ತಿರುಗಿಸ್ರಿ. ಬಿಗಿ ಮಾಡುವಾಗ ಅಡ್ಡಡ್ಡ, ಸ್ವಲ್ಪ ಸ್ವಲ್ಪ, ಸ್ಟೆಮ್ ಮ್ಯಾಲ ಬರೆದಷ್ಟೇ ಟಾರ್ಕ್ (ತಿರುಗಿಸೋ ಬಲ). ಮೊಣಕೈ ಮಡಚಿ ಹೊಡೀರಿ, ಐದೈದು ನಿಮಿಷಕ್ಕ ಕೈ ಜಾಗ ಬದಲಿ ಮಾಡ್ರಿ. ಸೈಕಲ್ ಬಿಟ್ಟ ಮರುದಿನವೂ ಜೋಮು ಇದ್ರ, ಬೆರಳಿನ ಶಕ್ತಿ ಕಡಿಮಿ ಅನಿಸಿದ್ರ ಡಾಕ್ಟರಿಗೆ ತೋರಸ್ರಿ. ಬೆರಳು ಸುಣ್ಣದಂಗ ಬಿಳಿ ಆಗಿ ಆಮ್ಯಾಲ ನೀಲಿ ಆದ್ರ ಅದು ಬ್ಯಾರೇ ಮಾತು, ಅದನ್ನೂ ತೋರಸಬೇಕು.

ಕೋಟೆ_ಗಾಲಿ:
ಥಂಡಿ ಕಾರಣ ಅಲ್ಲೇ ಅಲ್ಲ ಅನ್ನೋದು ಒಪ್ಪಂಗಿಲ್ಲ. ಮೋಡ ಇಲ್ಲದ ರಾತ್ರಿ ತಂಪು ಗಾಳಿ ಪಠಾರದಿಂದ ಇಳಿದು ಹೊಳಿ ತಗ್ಗಿನಾಗ ನಿಂದರ್ತದ. ಬೀದರದಾಗ ಇದ್ದಿದ್ದಕ್ಕಿಂತ ಸೇತುವೆ ಹತ್ರ ಥಂಡಿ ಜಾಸ್ತಿ.

ತೊಗರಿ_ಕಣಜ:
ಅದು ಖರೇ. ಹೆಬ್ಬೆರಳು ತಣ್ಣಗಾಗೋದು ಅದಕ್ಕೇ, ನಿಮ್ಮ ಎರಡು ಪದರ ಅದಕ್ಕ ಸರಿ. ಜೋಮಿಗೆ ಸೀಟು. 6:50ರ ಸುಮಾರಿಗೆ ಹೊತ್ತು ಹುಟ್ಟೋದು, ಥಂಡಿ ಹೆಚ್ಚು ಆಗೋದೂ ಆವಾಗೇ. ಒಂದು ತಾಸು ತಡಾ ಹೊಂಟ್ರೂ ಫರಕ ಕಾಣ್ತದ.

ಮಾಂಜ್ರಾ_ಪೆಡಲ್:
ಸೀಟು ಮಟ್ಟ ಮಾಡಿದೆ, ಗುಳ್ಳಿ ಪೂರಾ ಒಂದು ತುದಿಗೆ ಇತ್ತು. ಟೈರ್ 72. ಹಳೇ ತೆಳು ಗ್ಲೌಸ್ ಮ್ಯಾಲ ಸಡಿಲಂದು. ಇವತ್ತು ಸೇತುವೆ ತನಕ ಕಿರುಬೆರಳು ಆಡ್ಲತಿತ್ತು, ಗೇರ್ ಬಿತ್ತು. ವಾಪಸ್ ಬರುವಾಗ ಬಲಗೈ ಸ್ವಲ್ಪ ಹಿಡೀತು. ಕಾಲ್ಬೆರಳು ಮಾತ್ರ ಹಂಗೇ ಅದಾವ, ಎರಡು ಜೋಡಿ ಸಾಕ್ಸ್ ಹಾಕೀನಿ.

ಭೀಮಾ_ದಂಡಿ:
ಎರಡು ಜೋಡಿನೇ ತಪ್ಪು. ಶೂ ಒಳಗ ಜಾಗ ಇಲ್ಲಂದ್ರ ರಕ್ತ ನಿಲ್ತದ. ಒಂದೇ ಉಣ್ಣೆ ಸಾಕ್ಸ್ ಹಾಕ್ರಿ. ಇನ್‌ಸೋಲ್ ಎತ್ತಿ ಕ್ಲೀಟಿನ (ಶೂ ತಳದಾಗ ಪೆಡಲ್ಲಿಗೆ ಸಿಗಿಸೋ ತುಂಡು) ತೂತಿಗೆ ಒಳಗಿಂದ ಟೇಪ್ ಹಚ್ರಿ, ಮುಂದಿನ ಜಾಳಿಗಿಗೂ ಹಚ್ರಿ, ಗಾಳಿ ಅಲ್ಲಿಂದಲೇ ಹೋಗೋದು. ಕ್ಲೀಟಿನ ಶೂನೇ ಹೌದಿಲ್ಲೋ? ಎಷ್ಟು ನಂಬರ್, ಒಳಗ ಬೆರಳು ಆಡ್ತಾವೇನು?

ಗುಮ್ಮಟ_32:
ಸೀಲಂಟ್ ಫೋಟೋ ಹಾಕೀನಿ ನೋಡ್ರಿ.

ಭೀಮಾ_ದಂಡಿ:
ಮಾಂಜ್ರಾ, ಶೂ ನಂಬರ್ ಹೇಳ್ರಿ.