ಪದಚರ್ಚೆ: ಮೌಂಟ್, ಅನ್‌ಮೌಂಟ್‌ಗೆ ಏನು ಬಳಸಲಿ? (ತುರ್ತು)

ಎಲ್ಲರಿಗೂ ನಮಸ್ಕಾರ. ಹೊರಗಿನ ಎಸ್‌ಎಸ್‌ಡಿಗೆ (ಕೇಬಲ್‌ನಲ್ಲಿ ಜೋಡಿಸುವ ಡಿಸ್ಕ್) ಉಬುಂಟು ಕಾರ್ಯಾಚರಣ ವ್ಯವಸ್ಥೆ ಹಾಕುವ ಒಂದು ಪುಟದ ಕೈಪಿಡಿ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಮೌಂಟ್ ಅಂದರೆ ಡಿಸ್ಕಿನ ಒಂದು ವಿಭಾಗವನ್ನು ಒಂದು ಕಡತಕೋಶಕ್ಕೆ ಜೋಡಿಸಿ ಅದರೊಳಗಿನದು ಅಲ್ಲಿ ಕಾಣುವಂತೆ ಮಾಡುವುದು, ಅನ್‌ಮೌಂಟ್ ಅಂದರೆ ಅದನ್ನು ಬಿಡಿಸುವುದು. ರೂಟ್ ಅಂದರೆ ಉಬುಂಟು ಕೂರುವ ಮುಖ್ಯ ವಿಭಾಗ, ಇಎಫ್‌ಐ ಅಂದರೆ ಕಂಪ್ಯೂಟರು ಶುರುವಾಗುವಾಗ ನೋಡುವ ಪುಟ್ಟ ವಿಭಾಗ, ಗ್ರಬ್ ಅಂದರೆ ಉಬುಂಟುವನ್ನು ಶುರುಮಾಡುವ ಬೂಟ್‌ಲೋಡರ್. ತೊಡಕು ಈ ಸಾಲುಗಳಲ್ಲಿದೆ:

“ಮೊದಲು ರೂಟ್ ವಿಭಾಗವನ್ನು ‘/ಎಂಎನ್‌ಟಿ’ಗೆ ಆರೋಹಿಸಿ. ಆಮೇಲೆ 512 ಎಂಬಿಯ ಫ್ಯಾಟ್32 ಇಎಫ್‌ಐ ವಿಭಾಗವನ್ನು ಅದರೊಳಗಿನ ‘ಬೂಟ್/ಇಎಫ್‌ಐ’ಗೆ ಆರೋಹಿಸಿ. ಗ್ರಬ್ ಹಾಕಿ. ಎರಡನ್ನೂ ಅವರೋಹಿಸಿ, ಕೇಬಲ್ ತೆಗೆಯಿರಿ.”

‘ಆರೋಹಿಸು’ ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಕನ್ನಡ ಅನುವಾದದಲ್ಲಿದೆ. ‘ಏರಿಸು, ಇಳಿಸು’ ಅಂದರೆ ಅಪ್‌ಲೋಡ್, ಡೌನ್‌ಲೋಡ್ ಆಗಿಬಿಡುತ್ತದೆ.

ಮರು: ಗ್ನೋಮ್‌ನಲ್ಲಿದ್ದ ಮಾತ್ರಕ್ಕೆ ಸರಿಯಲ್ಲ. ಬೆಟ್ಟವನ್ನು ಆರೋಹಿಸುತ್ತೇವೆ, ಅಂದರೆ ಹತ್ತುವವರು ನಾವು. ‘ವಿಭಾಗವನ್ನು ಆರೋಹಿಸಿ’ ಅಂದರೆ ಓದುಗ ಅದರ ಮೇಲೆ ಹತ್ತಬೇಕು. ಪ್ರೇರಣಾರ್ಥಕ ಬೇಕೆಂದರೆ ‘ಆರೋಪಿಸು’. ಅದರ ಗತಿ ಕನ್ನಡದಲ್ಲಿ ಏನಾಗಿದೆ ಗೊತ್ತೇ ಇದೆ.

ಮರು: ಧ್ವಜಾರೋಹಣದಲ್ಲಿ ಏರುವುದು ಧ್ವಜವೇ. ವ್ಯಾಕರಣದ ನೆಪ ಸಾಕು.

ಮರು: ಸಂಸ್ಕ್ರುತದ ಜಗಳ ನಮಗೇಕೆ? ಕಡತಕೋಶಗಳ ಒಂದು ಮರಕ್ಕೆ ಇನ್ನೊಂದರ ಕೊಂಬೆ ಕೂಡಿಸುವುದೇ ಇಲ್ಲಿನ ಕೆಲಸ. ‘ಕಸಿ ಕಟ್ಟು’ ಅನ್ನಿ. ಅರ್ತ ಪೂರ್ತಿ ಬರುತ್ತದೆ.

ಮರು: ಬರುವುದಿಲ್ಲ. ಕಸಿ ಬೆಸೆದುಕೊಳ್ಳುತ್ತದೆ, ಬಿಚ್ಚಲಾಗದು. ಇಲ್ಲಿ ದಿನವೂ ಬಿಚ್ಚಬೇಕು. ಅಲ್ಲದೆ ಕಡತಕೋಶಕ್ಕೆ ವಿಭಾಗವನ್ನು ತಗುಲಿಸಿದಾಗ ಅಲ್ಲಿ ಮೊದಲಿದ್ದದ್ದು ಮರೆಯಾಗುತ್ತದೆ. ಇಎಫ್‌ಐ ಮೊದಲು, ರೂಟ್ ಆಮೇಲೆ ಮಾಡಿದರೆ ಇಎಫ್‌ಐ ರೂಟಿನ ಅಡಿಯಲ್ಲಿ ಹೂತುಹೋಗುತ್ತದೆ. ಗ್ರಬ್ ಅದನ್ನು ಕಾಣದೆ ನಿಲ್ಲುತ್ತದೆ. ‘ತೊಡಿಸು, ಕಳಚು’ ಈ ಮುಚ್ಚುವಿಕೆಯನ್ನೂ ಹೇಳುತ್ತವೆ.

ಪದಕ್ಕಿಂತ ದೊಡ್ಡ ಕೊರತೆ ‘ಗ್ರಬ್ ಹಾಕಿ’ ಎಂಬಲ್ಲಿದೆ. ಆ ಆದೇಶಕ್ಕೆ ‘ರಿಮೂವಬಲ್’ ಆಯ್ಕೆ ಕೊಡಲೇಬೇಕು. ಆಗ ಬೂಟ್‌ಲೋಡರ್ ಫೈಲು ‘ಇಎಫ್‌ಐ/ಬೂಟ್/ಬೂಟ್‌ಎಕ್ಸ್64.ಇಎಫ್‌ಐ’ ಹೆಸರಲ್ಲಿ ಕೂರುತ್ತದೆ, ಬೇರೆ ಕಂಪ್ಯೂಟರುಗಳೂ ಗುರುತಿಸುತ್ತವೆ. ಉಬುಂಟು ಇನ್‌ಸ್ಟಾಲರ್ ಒಳಗಿನ ಡಿಸ್ಕಿನ ಇಎಫ್‌ಐ ವಿಭಾಗಕ್ಕೇ ಬೂಟ್‌ಲೋಡರ್ ಬರೆದುಬಿಡುವುದುಂಟು. ಹಾಗಾದರೆ ಎಸ್‌ಎಸ್‌ಡಿ ಕಿತ್ತಾಗ ಆ ಕಂಪ್ಯೂಟರು ಗ್ರಬ್ ಪ್ರಾಂಪ್ಟಿನಲ್ಲಿ (ಆದೇಶಕ್ಕೆ ಕಾಯುವ ಬರಿ ಪರದೆ) ನಿಲ್ಲಬಹುದು.

ಮರು: ಓದುಗ ಟರ್ಮಿನಲ್‌ನಲ್ಲಿ (ಆದೇಶ ಕೊಡುವ ಕಿಟಕಿ) ಟೈಪಿಸಬೇಕಾದದ್ದು ‘ಮೌಂಟ್’, ‘ಯುಮೌಂಟ್’. ‘ಟಾರ್ಗೆಟ್ ಈಸ್ ಬ್ಯುಸಿ’ ಅಂತ ದೋಷ ಸಂದೇಶ ಬಂದಾಗ ‘ಕಳಚು’ ಎಂದು ಹುಡುಕಿದರೆ ಏನೂ ಸಿಗದು. ಬಸ್ಸು, ಟಿಕೆಟ್ಟು ಕನ್ನಡವಾದ ಹಾಗೆ ಮೌಂಟೂ ಆಗಲಿ.

ಮರು: ಬಸ್ಸು, ಟಿಕೆಟ್ಟು ಹೆಸರುಪದಗಳು. ಎಸಕಪದವನ್ನೂ (ಕ್ರಿಯಾಪದ) ಕೊಟ್ಟುಬಿಟ್ಟರೆ ಉಳಿಯುವುದು ‘ಮಾಡು’ ಒಂದೇ: ಮೌಂಟ್ ಮಾಡು, ಬೂಟ್ ಮಾಡು, ಕಾಪಿ ಮಾಡು. ನಾನು ಒಪ್ಪುವುದಿಲ್ಲ.

ಮರು: ‘ಮಾಡು’ ಕನ್ನಡವಲ್ಲವೇ? ಸಂಸ್ಕೃತದ ನಾಮಪದಕ್ಕೂ ಅದನ್ನೇ ಹಚ್ಚಿ ‘ಊಟ ಮಾಡು’ ಅಂದಂತೆ ‘ಧ್ಯಾನ ಮಾಡು’ ಅನ್ನುತ್ತೇವೆ. ಭಾಷೆ ಎರವಲನ್ನು ಅರಗಿಸಿಕೊಳ್ಳುವ ದಾರಿಯೇ ಅದು.

ಮರು: ಕೇಳಿದವನು ನಾನೇ. ‘ತೊಡಿಸು’ ಬಿಡುತ್ತೇನೆ, ಯಾರಿಗೆ ಏನನ್ನು ಅಂತ ಗೊಂದಲವಾಗುತ್ತದೆ. ಅಚ್ಚಿಗೆ ಕಳಿಸುವುದು: “ರೂಟ್ ವಿಭಾಗವನ್ನು ‘/ಎಂಎನ್‌ಟಿ’ಯಲ್ಲಿ ಮೌಂಟ್ ಮಾಡಿ… ಮೊದಲು ಇಎಫ್‌ಐ, ಆಮೇಲೆ ರೂಟ್ ಕಳಚಿ (ಯುಮೌಂಟ್). ಬ್ಯುಸಿ ಎಂದರೆ ಟರ್ಮಿನಲ್ ಅದೇ ಕಡತಕೋಶದಲ್ಲಿದೆಯೇ ನೋಡಿ, ಹೊರಬನ್ನಿ. ಬರೆಯಬೇಕಾದದ್ದು ಇನ್ನೂ ಮೆಮೊರಿಯಲ್ಲೇ ಇರಬಹುದು. ಕಳಚುವ ಮುನ್ನ ಕೇಬಲ್ ಕೀಳಬೇಡಿ.”